ಶಾಮಣ್ಣನ ಸಕ್ಕರೆ ಗಿಣಿ

ಸಯನ್ ಸ್ಟೇಷನ್ನಿಗೆ ಐದು ನಿಮಿಷದ ದೂರದಲ್ಲಿ, ಯಾವ ಬಣ್ಣ ಬಳಿಸಿದ್ದೆನೆಂಬುದು ಮಾಲೀಕನಿಗೇ ಮರೆತುಹೋಗಿದ್ದ ಒಂದು ಬಿಲ್ಡಿಂಗು. ಅದರ ಎರಡನೆಯ ಮಹಡಿಯಲ್ಲಿ ಒಂದು ಕೋಣೆ ಮತ್ತು ಒಂದು ಅಡುಗೆಮನೆಯ ಸಾಮ್ರಾಜ್ಯವನ್ನು ಶಾಮಣ್ಣ ಆಳುತ್ತಿದ್ದ. ಪ್ರಜೆಗಳು ಮೂವರು: ಹೆಂಡತಿ ರಮಾಮಣಿ, ಹನ್ನೊಂದು ವರ್ಷದ ಮಗಳು ಮೋಹಿನಿ, ಎಂಟು ವರ್ಷದ ಮಗ ನಾಣಿ. ಆಳುತ್ತಿದ್ದ ಎಂದರೆ, ಹಗಲೆಲ್ಲ ಫೋರ್ಟಿನ ಒಂದು ವಿಮಾ ಕಂಪನಿಯಲ್ಲಿ ಹೆಡ್ ಕ್ಲಾರ್ಕಾಗಿ ಕುಳಿತು ಸತ್ತವರ ಕಾಗದಪತ್ರ ಸರಿಮಾಡಿ, ಸಂಜೆ ಬೋರಿಬಂದರಿನಿಂದ ಲೋಕಲಿನಲ್ಲಿ ನಿಂತುಕೊಂಡೇ ಬಂದು, ಕಾಲು ತೊಳೆದು, ಉಳಿದ ಹೊತ್ತಿನಲ್ಲಿ ಆಳುತ್ತಿದ್ದ. ವಯಸ್ಸು ನಲವತ್ತನಾಲ್ಕು. ಹೊಟ್ಟೆ ಸ್ವಲ್ಪ ಮುಂದಕ್ಕೆ ಬಂದಿತ್ತು, ಕೂದಲು ಸ್ವಲ್ಪ ಹಿಂದಕ್ಕೆ ಹೋಗಿತ್ತು.

ಇಪ್ಪತ್ತು ವರ್ಷದ ಕೆಳಗೆ ಮೈಸೂರಿನ ಅಗ್ರಹಾರದಿಂದ ಹೊರಟಾಗ ಶಾಮಣ್ಣನ ಬಳಿ ಇದ್ದದ್ದು ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ, ಒಂದು ಕಥೆ. ಟ್ರಂಕಿಗೆ ತುಕ್ಕು ಹಿಡಿಯಿತು, ಹಾಸಿಗೆ ಹರಿಯಿತು. ಕಥೆ ಮಾತ್ರ ವರ್ಷದಿಂದ ವರ್ಷಕ್ಕೆ ಮೈತುಂಬಿಕೊಳ್ಳುತ್ತ ಹೋಯಿತು. ಸಂಕ್ರಾಂತಿ ಹತ್ತಿರ ಬಂದಾಗಲೆಲ್ಲ ಅವನು ಮಕ್ಕಳನ್ನು ಎರಡು ಪಕ್ಕದಲ್ಲಿ ಕೂರಿಸಿಕೊಂಡು ಅದನ್ನು ಹೇಳುತ್ತಿದ್ದ.

"ನಿಮ್ಮಜ್ಜಿ ಏನು ಮಾಡ್ತಿದ್ಲು ಅಂದ್ರೆ, ಬರೀ ಒಲೆ ಹೊತ್ತಿಸೋಳು. ಸಕ್ಕರೆ ಪಾಕದ ಹದ ನೋಡೋದು ಯಾರು? ನಾನು. ಒಂಬತ್ತು ವರ್ಷ ನನಗೆ. ಸೌಟು ನನ್ನಷ್ಟೇ ಉದ್ದ. ನಾನು 'ಹುಯ್ಯಿ' ಅಂದ್ರೆ ಹುಯ್ಯಬೇಕು, 'ನಿಲ್ಲು' ಅಂದ್ರೆ ನಿಲ್ಲಬೇಕು. ಗಿಣಿ ಬೇಕಾ, ಗಿಣಿ. ಆನೆ ಬೇಕಾ, ಆನೆ. ತುಳಸಿಕಟ್ಟೆ, ಗೋಪುರ, ಕಮಲ. ಅಗ್ರಹಾರದ ಹೆಂಗಸರೆಲ್ಲ ಬಾಗಿಲಲ್ಲಿ ನಿಂತು, 'ಶಾಮೂ, ನಮ್ಮನೆಗೂ ಒಂದ್ಗಳಿಗೆ ಬಾರೋ' ಅಂತ ಬೇಡ್ಕೊಳ್ಳೋರು."

ಮೊದಲ ವರ್ಷ ಬೇಡಿಕೊಂಡವರು ಇಬ್ಬರು. ನಾಣಿ ಹುಟ್ಟುವಷ್ಟರಲ್ಲಿ ಹನ್ನೆರಡಾದರು. ಕಳೆದ ವರ್ಷ ಅವರ ಸಾಲು ದೇವಸ್ಥಾನದ ಮೂಲೆಯವರೆಗೂ ಹೋಗಿತ್ತು. ರಮಾಮಣಿ ಅಕ್ಕಿಯಲ್ಲಿ ಕಲ್ಲು ಆರಿಸುತ್ತ ಕೇಳಿಸಿಕೊಳ್ಳುತ್ತಿದ್ದಳು. ಅವಳ ಒಂದು ಹುಬ್ಬು ಮೇಲೇರುತ್ತಿತ್ತು, ಮತ್ತೆ ಕೆಳಗಿಳಿಯುತ್ತಿತ್ತು. ಅವಳ ತವರು ಬೆಂಗಳೂರು. ಅಲ್ಲಿ ಸಕ್ಕರೆ ಅಚ್ಚನ್ನು ಅಂಗಡಿಯಿಂದ ಕೊಂಡುತರುತ್ತಿದ್ದರು. ಹಾಗಾಗಿ ವಾದಿಸಲು ಅವಳ ಬಳಿ ಆಧಾರವಿರಲಿಲ್ಲ.

ನಿಜ ಸಂಗತಿ ಬೇರೆ ಇತ್ತು. ಅದು ಈ ಭೂಮಿಯ ಮೇಲೆ ಶಾಮಣ್ಣನೊಬ್ಬನಿಗೇ ಗೊತ್ತೆಂದು ಶಾಮಣ್ಣ ನಂಬಿದ್ದ.

ಅಚ್ಚು ಮಾಡುವ ದಿನ ಅವನ ತಾಯಿ ವೆಂಕಮ್ಮ ಮಕ್ಕಳನ್ನು ಆಚೆಗೆ ಅಟ್ಟಿ, ಇದ್ದಿಲ ಒಲೆಯನ್ನು ನಡುಮನೆಗೆ ತಂದು ಬಾಗಿಲು ಹಾಕಿಕೊಳ್ಳುತ್ತಿದ್ದಳು. ನಡುಮನೆಯಲ್ಲಿ ತಾತನ ಕಾಲದ ಮಂಚವೊಂದಿತ್ತು. ಒಂಬತ್ತು ವರ್ಷದ ಶಾಮು ಅದಕ್ಕೂ ಮುಂಚೆಯೇ ಮಂಚದ ಕೆಳಗೆ ಸೇರಿಕೊಂಡು ಉಸಿರು ಬಿಗಿಹಿಡಿದು ಮಲಗಿರುತ್ತಿದ್ದ. ಅಲ್ಲಿಂದ ಅವನಿಗೆ ಕಾಣುತ್ತಿದ್ದದ್ದು ಅಮ್ಮನ ಎರಡು ಪಾದ, ಕಾಲುಂಗುರ, ಸೀರೆಯ ಅಂಚು. ಕೇಳುತ್ತಿದ್ದದ್ದು ಸೌಟಿನ ಶಬ್ದ. ಮುರಿದ ಅಚ್ಚುಗಳನ್ನು ಅಮ್ಮ ಒಂದು ತಟ್ಟೆಗೆ ಹಾಕಿ ಮಂಚದ ಪಕ್ಕಕ್ಕೆ ಸರಿಸುತ್ತಿದ್ದಳು. ಆಗ ಮಂಚದ ಕೆಳಗಿನಿಂದ ಒಂದು ಕೈ ಹೊರಬರುತ್ತಿತ್ತು, ಗಿಣಿಯ ಕೊಕ್ಕೋ ಆನೆಯ ಸೊಂಡಿಲೋ ಮಾಯವಾಗುತ್ತಿತ್ತು. ಹೀಗೆ ಆರು ಸಂಕ್ರಾಂತಿ ಸಾಗಿತು, ಕಾಲುಗಳು ಮಂಚದಿಂದಾಚೆ ಚಾಚಿಕೊಳ್ಳುವಷ್ಟು ಉದ್ದವಾಗುವ ತನಕ. ಬಾಣಲೆಯೊಳಗಿನ ಪಾಕವನ್ನು ಶಾಮಣ್ಣ ಜನ್ಮದಲ್ಲಿ ಕಣ್ಣಾರೆ ನೋಡಿರಲಿಲ್ಲ.

ಬೊಂಬಾಯಿಯಲ್ಲಿ ಇದರಿಂದ ಅಪಾಯವೇನೂ ಒದಗಲಿಲ್ಲ. ಪ್ರತಿ ವರ್ಷ ಮೈಸೂರಿನಿಂದ ಬರುವ ಯಾರಾದರೊಬ್ಬರ ಕೈಯಲ್ಲಿ ವೆಂಕಮ್ಮ ಒಂದು ಡಬ್ಬ ಅಚ್ಚು ಕಳಿಸುತ್ತಿದ್ದಳು. ಮೂರು ರೈಲು ಬದಲಾಯಿಸಿ ಬರುವಷ್ಟರಲ್ಲಿ ಒಳಗಿನ ಪ್ರಾಣಿಗಳು ಯಾವ ಜಾತಿಯವೆಂದು ಹೇಳುವಂತಿರುತ್ತಿರಲಿಲ್ಲ. ಕಳೆದ ವರ್ಷವಂತೂ ಬರೀ ಪುಡಿ ಬಂದಿತ್ತು. ಎಳ್ಳು, ಕೊಬ್ಬರಿ, ಬೆಲ್ಲ, ಹುರಿಗಡಲೆಯ ಜೊತೆ ಮೋಹಿನಿ ಆ ಪುಡಿಯನ್ನೇ ಚಮಚದಲ್ಲಿ ಹಂಚಿ ಬಂದಿದ್ದಳು. "ಯಾವ ಗಿಣಿ? ಎಲ್ಲಿದೆ ಗಿಣಿ?" ಎಂದು ಶಾಲೆಯ ಗೆಳತಿಯರು ನಕ್ಕಿದ್ದರು.

ಹೀಗಿರುವಾಗ, ಸಾವಿರದ ಒಂಬೈನೂರ ಐವತ್ತೊಂದರ ದೀಪಾವಳಿ ಕಳೆದ ವಾರದಲ್ಲಿ ಮೈಸೂರಿನಿಂದ ಡಬ್ಬದ ಬದಲು ಒಂದು ಗಂಟು ಬಂತು. ಬಿಚ್ಚಿದರೆ ಹನ್ನೆರಡು ಜೊತೆ ಮರದ ಅಚ್ಚುಗಳು. ಅಜ್ಜಿಯಂದಿರ ಕೈಯಲ್ಲಿ ಸವೆದು ನುಣುಪಾಗಿದ್ದವು. ಜೊತೆಗೆ ಒಂದು ಕಾಗದ. ಶಾಮಣ್ಣ ಅದನ್ನು ಮನೆಮಂದಿಯ ಮುಂದೆ ಗಟ್ಟಿಯಾಗಿ ಓದಿದ.

"ಚಿರಂಜೀವಿ ಶಾಮನಿಗೆ ಆಶೀರ್ವಾದಗಳು. ಸೌಟು ತಿರುಗಿಸುವುದು ಇನ್ನು ನನ್ನ ಕೈಯಲ್ಲಿ ಆಗುವುದಿಲ್ಲ. ಅಚ್ಚುಗಳನ್ನು ಕಳಿಸಿದ್ದೇನೆ. ಈ ವರ್ಷದಿಂದ ನೀವೇ ಮಾಡಿಕೊಳ್ಳತಕ್ಕದ್ದು. ಹದ ನಿನಗೆ ತಿಳಿದೇ ಇದೆ. ಮೊದಲು ಸರಿಯಾಗಿ ಬಂದ ಗಿಣಿಯನ್ನು ನನಗೆ ಕಳಿಸು. ನೋಡಬೇಕು."

"ಕೇಳಿದ್ರಾ? 'ಹದ ನಿನಗೆ ತಿಳಿದೇ ಇದೆ.' ಅಜ್ಜೀನೇ ಬರೆದಿದ್ದಾಳೆ!" ಎಂದು ನಾಣಿ ಕುಣಿದ. ಇಂಥ ಅಪ್ಪ ಇನ್ನಾರಿಗೂ ಇಲ್ಲವೆಂಬಂತೆ ಮೋಹಿನಿ ತಂದೆಯ ಮುಖ ನೋಡಿದಳು. ಶಾಮಣ್ಣ ಕಾಗದವನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು ಗಂಭೀರವಾಗಿ ಕೆಮ್ಮಿದ. ಹದ ಏನೆಂದು ಕೇಳಿ ಅಮ್ಮನಿಗೆ ಕಾಗದ ಬರೆಯಬಹುದಿತ್ತು. ಆದರೆ ಮೈಸೂರಿನಿಂದ ಬಂದ ಕಾಗದವನ್ನು ಅವನಿಗಿಂತ ಮೊದಲು ಮಕ್ಕಳೇ ಓದುತ್ತಿದ್ದರು. ಆಫೀಸಿನಲ್ಲಿ ಮೂರು ಸಲ ಬರೆದ, ಮೂರು ಸಲ ಹರಿದ.

ಸಕ್ಕರೆ ಕೂಡಿಸುವ ಕೆಲಸ ಅಂದೇ ಆರಂಭವಾಯಿತು. ರೇಷನ್ನಿನ ಕಾಲ. ರಮಾಮಣಿ ಅಪ್ಪಣೆ ಹೊರಡಿಸಿದಳು: ಸಂಕ್ರಾಂತಿಯ ತನಕ ಮನೆಯಲ್ಲಿ ಬೆಲ್ಲದ ಕಾಫಿ. ಎರಡು ತಿಂಗಳು ಆ ಸಂಸಾರ ಮಣ್ಣಿನ ಬಣ್ಣದ ಕಾಫಿ ಕುಡಿಯಿತು. ಕೆಲವು ದಿನ ಹಾಲು ಒಡೆದು, ಕಾಫಿಯಲ್ಲಿ ಬಿಳಿಯ ಚೂರುಗಳು ತೇಲಿದವು. "ಇದೂ ಒಂದು ರುಚಿ" ಎಂದು ಶಾಮಣ್ಣ ಕಣ್ಣು ಮುಚ್ಚಿ ಕುಡಿದ. ಚುನಾವಣೆಯ ಲೌಡ್‌ಸ್ಪೀಕರುಗಳು ಬೀದಿಯಲ್ಲಿ ಏನೇನೋ ಕೊಡುತ್ತೇವೆಂದು ಕೂಗಿಕೊಂಡು ಹೋದವು. ಈ ಮನೆಗೆ ಬೇಕಾಗಿದ್ದದ್ದು ಮೂರು ಸೇರು ಸಕ್ಕರೆ. ಅದು ಅಂತೂ ಕೂಡಿತು.

ಮೋಹಿನಿ ಈ ಸಲ ಶಾಲೆಯಲ್ಲಿ ಕೈಮೇಲೆ ಕೈ ಹೊಡೆದು ಮಾತು ಕೊಟ್ಟುಬಿಟ್ಟಿದ್ದಳು. "ಮೇರೇ ಪಪ್ಪಾ ಖುದ್ ಬನಾತೇ ಹೈಂ. ನಮ್ಮಪ್ಪಾನೇ ಮಾಡ್ತಾರೆ. ಒಬ್ಬೊಬ್ಬರಿಗೆ ಒಂದೊಂದು ಗಿಣಿ."

ಸಂಕ್ರಾಂತಿ ಸೋಮವಾರ. ಹಿಂದಿನ ದಿನ ಭೋಗಿ, ಭಾನುವಾರ. ಆ ವಾರವೆಲ್ಲ ಮಕ್ಕಳು ಅಡಿಕೆಕತ್ತರಿಯಲ್ಲಿ ಕೊಬ್ಬರಿ ಹೆಚ್ಚಿದರು, ಅಚ್ಚುಬೆಲ್ಲ ಚೂರು ಮಾಡಿದರು, ತಾರಸಿಯ ಮೇಲೆ ಒಣಹಾಕಿದರು. ಕಾಗೆ ಕಾಯಲು ನಾಣಿಯನ್ನು ಕೂರಿಸಿದ್ದರು. ಕಾಗೆಗಳು ಏನೂ ತಿನ್ನಲಿಲ್ಲ. ಆದರೂ ಕೊಬ್ಬರಿ ಕಾಲು ಭಾಗ ಕಡಿಮೆಯಾಗಿತ್ತು.

ಭಾನುವಾರ ಬೆಳಿಗ್ಗೆ ಎಂಟಕ್ಕೆ ಶಾಮಣ್ಣ ಸ್ನಾನ ಮಾಡಿ, ಪಂಚೆಯನ್ನು ಮೇಲೆತ್ತಿ ಕಟ್ಟಿ, ತಲೆಗೆ ಟವೆಲು ಸುತ್ತಿ ರಣರಂಗಕ್ಕಿಳಿದ. ರಾತ್ರಿಯೆಲ್ಲ ನೀರಲ್ಲಿ ನೆನೆದ ಅಚ್ಚುಗಳನ್ನು ಮಕ್ಕಳು ಒರೆಸಿ ಜೋಡಿಸಿ ದಾರ ಬಿಗಿದರು. ಪಂಪ್ ಸ್ಟವ್ ಭುಸುಗುಟ್ಟಿತು.

"ಸ್ವಲ್ಪ ಸ್ವಲ್ಪ ಹಾಕಿ ನೋಡೋಣ್ವಾ?" ಎಂದಳು ರಮಾಮಣಿ.

"ಏನೇ, ಮೈಸೂರಲ್ಲಿ ಮಾಡಿದ್ದು ಯಾರು, ನೀನೋ ನಾನೋ? ಎಲ್ಲಾ ಸುರಿ. ಚಿಲ್ಲರೆ ವ್ಯವಹಾರ ನಮಗೆ ಬೇಡ."

ಮೂರು ಸೇರು ಸಕ್ಕರೆಯೂ ದೊಡ್ಡ ಪಾತ್ರೆ ಸೇರಿತು. ನೀರು ಹೊಯ್ದು ಕಾಯಿಸಿದ್ದಾಯಿತು. ರಮಾಮಣಿ ತನಗೆ ಗೊತ್ತಿದ್ದಷ್ಟು ಮಾಡಿದಳು. ಒಂದು ಚಮಚ ಹಾಲು ಬಿಟ್ಟು, ಮೇಲೆದ್ದ ಕೊಳೆಯನ್ನು ತೆಗೆದು, ಬಟ್ಟೆಯಲ್ಲಿ ಶೋಧಿಸಿದಳು. ಪಾಕ ಗಾಜಿನಂತೆ ಹೊಳೆಯಿತು. ಶಾಮಣ್ಣ ಸ್ಟೂಲಿನ ಮೇಲೆ ಕುಳಿತು, ತಲೆಯನ್ನು ಒಂದು ಕಡೆ ವಾಲಿಸಿ, ಮಹಾ ಪಂಡಿತನಂತೆ ಅದನ್ನು ದೃಷ್ಟಿಸಿದ. ಪಾಕ ಅವನನ್ನು ದೃಷ್ಟಿಸಿತು. ಅದು ಏನು ಹೇಳುತ್ತಿದೆಯೆಂದು ಅವನಿಗೆ ತಿಳಿಯಲಿಲ್ಲ.

"ಹುಯ್ಯಿ!" ಎಂದ.

ಹುಯ್ದರು. ಕಾಲು ಗಂಟೆ ಕಾದರು. ನಾಣಿ ದಾರ ಬಿಚ್ಚಿ ಮೊದಲ ಅಚ್ಚನ್ನು ತೆರೆದ. ಗಿಣಿಯ ಎಡಭಾಗ ಎಡ ಹಲಗೆಗೂ ಬಲಭಾಗ ಬಲ ಹಲಗೆಗೂ ಅಂಟಿಕೊಂಡು ನಡುವೆ ಎಳೆ ಎಳೆಯಾಗಿ ಜೋತಾಡಿತು.

"ಅರೇ, ಯೇ ತೊ ಚಿಪಕ್ ಗಯಾ! ಅಪ್ಪಾ, ಗಿಣಿಗೆ ನೆಗಡಿ ಆಗಿದೆ!"

"ಬೊಂಬಾಯಿ ಹವೆ," ಎಂದು ಶಾಮಣ್ಣ ಸಮುದ್ರದ ಕಡೆ ಕೈ ತೋರಿಸಿದ. "ಮೈಸೂರಲ್ಲಿ ಹೀಗಾಗ್ತಿರಲಿಲ್ಲ. ಮತ್ತೆ ಕಾಯಿಸು."

ಕೆರೆದರು, ತೊಳೆದರು, ಪಾಕವನ್ನು ಮತ್ತೆ ಪಾತ್ರೆಗೆ ಹಾಕಿ ನೀರು ಬಿಟ್ಟು ಕಾಯಿಸಿದರು. ಈ ಸಲ ಅದು ತಿಳಿಯಾಗಿರಲಿಲ್ಲ, ಹಳೆಯ ಮಸ್ಲಿನ್ ಬಟ್ಟೆಯ ಬಣ್ಣಕ್ಕೆ ತಿರುಗಿತ್ತು. ಮೊದಲ ಸಲ ಅವಸರ ಮಾಡಿದೆನೆಂದು ಮನಸ್ಸಿನಲ್ಲೇ ತೀರ್ಮಾನಿಸಿದ ಶಾಮಣ್ಣ ಈಗ ತಾಳ್ಮೆಯ ಮೂರ್ತಿಯಾದ. ಪಾತ್ರೆ ಇಳಿಸಿದ ಮೇಲೆ ರಮಾಮಣಿ ಸೌಟಿನಿಂದ ತಿರುವಿದಳು. ಪಾಕ ಮಬ್ಬಾಯಿತು, ಗಟ್ಟಿಯಾಗತೊಡಗಿತು.

"ಹುಯ್ಯಲಾ?"

"ತಡಿ."

"ಕೈ ಹಿಡೀತಿದೆ ರೀ."

"ತಡಿ ಅಂದ್ನಲ್ಲ."

ಎರಡು ನಿಮಿಷದ ಬಳಿಕ "ಈಗ!" ಎಂದು ಅವನು ಕೈ ಬೀಸಿದಾಗ ಸೌಟು ಅಲುಗಲಿಲ್ಲ. ಮೂರು ಸೇರು ಸಕ್ಕರೆ ಪಾತ್ರೆಯೊಳಗೆ ಒಂದೇ ಬಂಡೆಯಾಗಿ ಕುಳಿತಿತ್ತು, ಅದರ ನಡುವೆ ಸೌಟು ಧ್ವಜಸ್ತಂಭದಂತೆ ನಿಂತಿತ್ತು. ಶಿವಧನುಸ್ಸಿನ ಮುಂದೆ ರಾಜರು ಸರದಿಯಲ್ಲಿ ಬಂದಂತೆ ಮನೆಯವರೆಲ್ಲ ಒಬ್ಬೊಬ್ಬರಾಗಿ ಎಳೆದರು. ಕೊನೆಗೆ ನಾಣಿ ಎರಡೂ ಕೈಯಿಂದ ಸೌಟೆತ್ತಿದ. ಪಾತ್ರೆಯೂ ಅದರ ಜೊತೆಗೆ ಮೇಲೆದ್ದು ಬಂತು.

ಠಣ್ ಎಂದು ಅದು ನೆಲಕ್ಕೆ ಬಿದ್ದ ಸದ್ದಿಗೆ ಪಕ್ಕದ ಮನೆಯ ಕಾಂತಪ್ಪ ಬಾಗಿಲಲ್ಲಿ ಪ್ರತ್ಯಕ್ಷನಾದ. ಉಡುಪಿ ಕಡೆಯವನು, ಮಾಟುಂಗದ ಒಂದು ಹೋಟೆಲಿನಲ್ಲಿ ಮ್ಯಾನೇಜರು. ಅಂದು ಅವನಿಗೆ ರಜೆ.

"ಎಂತ ಶಾಮಣ್ಣನೋರೆ, ಮನೆಯಲ್ಲಿ ರಿಪೇರಿ ಕೆಲಸವಾ?" ಎಂದವನು ಪಾತ್ರೆಯೊಳಗೆ ಬಗ್ಗಿ ನೋಡಿದ. "ಇದು ಎಂತ ಮಾರಾಯ್ರೆ, ಸಿಮೆಂಟಾ?"

"ಸಕ್ಕರೆ ಅಚ್ಚು," ಎಂದ ಶಾಮಣ್ಣ, ಸಾಧ್ಯವಾದಷ್ಟು ಘನತೆಯಿಂದ.

"ನಮ್ಮ ಹೋಟ್ಲಿನ ಸ್ವೀಟ್ ಭಟ್ರನ್ನು ಕಳಿಸ್ಲಾ? ಅರ್ಧ ಗಂಟೆಯಲ್ಲಿ ಬರ್ತಾರೆ."

"ಬೇಡಿ ಕಾಂತಪ್ಪನವರೇ, ಇದು ಮನೆತನದ ವಿದ್ಯೆ. ಹೊರಗಿನವರ ಕೈ ಸೋಕಬಾರದು."

"ಅದು ಸರಿ, ಅದು ಸರಿ. ಸುತ್ತಿಗೆ ಬೇಕಾದ್ರೆ ನನ್ನ ಹತ್ರ ಉಂಟು," ಎಂದು ಕಾಂತಪ್ಪ ನಗು ನುಂಗಿಕೊಂಡು ಹೋದ.

ರಮಾಮಣಿ ಬಂಡೆಯ ಮೇಲೆ ಬಿಸಿನೀರು ಹೊಯ್ದು ಕರಗಿಸಲು ಕುಳಿತಳು. ಸಕ್ಕರೆ ಈಗ ತಿಳಿ ಚಹಾದ ಬಣ್ಣಕ್ಕೆ ಬಂದಿತ್ತು.

"ಇನ್ನೊಂದೇ ಸಲ ರೀ," ಎಂದಳು ಮೆಲ್ಲಗೆ. "ಅದೂ ತಪ್ಪಿದ್ರೆ ಇದು ಕಾಫಿಗೆ ಹಾಕೋಕೂ ಬರಲ್ಲ."

ಮೋಹಿನಿ ಮೂಲೆಯಲ್ಲಿ ದಾರ ಸುತ್ತುತ್ತಿದ್ದಳು. ಅಳುತ್ತಿರಲಿಲ್ಲ. ಅತ್ತಿದ್ದರೆ ಶಾಮಣ್ಣನಿಗೆ ಸುಲಭವಾಗುತ್ತಿತ್ತು, ಗದರಿಸಬಹುದಿತ್ತು. ಅವಳು ತಲೆಯೆತ್ತಿ, ಲೆಕ್ಕದ ಉತ್ತರ ತಾಳೆ ನೋಡುವವಳಂತೆ ಕೇಳಿದಳು:

"ಅಪ್ಪಾ, ನೀನು ನಿಜವಾಗ್ಲೂ ಮಾಡಿದ್ಯಾ?"

ಇಪ್ಪತ್ತು ವರ್ಷ ಆಫೀಸಿನಲ್ಲಿ ಸುಳ್ಳು ಅರ್ಜಿಗಳನ್ನು ಒಂದೇ ನೋಟಕ್ಕೆ ಹಿಡಿದವನು ಶಾಮಣ್ಣ. ಹಿಡಿದಾಗ ಅರ್ಜಿದಾರನ ಮುಖ ಹೇಗಿರುತ್ತದೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಈಗ ತನ್ನ ಮುಖ ಹಾಗಿದೆಯೆಂದು ಕನ್ನಡಿಯಿಲ್ಲದೆ ತಿಳಿಯಿತು. ಬೊಂಬಾಯಿ ಹವೆಯ ಮೇಲೆ ಇನ್ನೊಂದು ಸಲ ಹೊರಿಸೋಣವೆಂದು ಬಾಯಿ ತೆರೆದ. ಹವೆ ಅಂದು ಮೈಸೂರಿನಷ್ಟೇ ಒಣಗಿತ್ತು.

ತಲೆಗೆ ಸುತ್ತಿದ್ದ ಟವೆಲನ್ನು ಬಿಚ್ಚಿ ಮಡಿಲಲ್ಲಿಟ್ಟುಕೊಂಡ.

"ಇಲ್ಲ ಮಗು. ಮಾಡಿದ್ದು ಅಜ್ಜಿ. ನಾನು ಮಂಚದ ಕೆಳಗಿದ್ದೆ."

ಒಮ್ಮೆ ಶುರುವಾದ ಮೇಲೆ ಎಲ್ಲ ಹೊರಬಂತು: ಮುಚ್ಚಿದ ಬಾಗಿಲು, ಪಾದಗಳು, ತಟ್ಟೆ, ಕದ್ದ ಕೊಕ್ಕುಗಳು. ಬಾಗಿಲಲ್ಲಿ ಸಾಲು ನಿಂತಿದ್ದ ಹೆಂಗಸರನ್ನು ಅವನು ಒಬ್ಬೊಬ್ಬರನ್ನಾಗಿ ಮನೆಗೆ ಕಳಿಸಿಬಿಟ್ಟ. ಹೇಳಿ ಮುಗಿಸಿ ಬಗ್ಗಿಸಿದ ತಲೆಯನ್ನು ಎತ್ತಲಿಲ್ಲ. ಸಾಮ್ರಾಜ್ಯ ಹೋಯಿತೆಂದೇ ತಿಳಿದ.

ಮೊದಲು ಮಾತಾಡಿದವನು ನಾಣಿ. ಅವನ ಕಣ್ಣುಗಳು ದೀಪದಂತಾಗಿದ್ದವು.

"ಆರು ವರ್ಷಾನಾ? ಒಂದ್ಸಲಾನೂ ಸಿಕ್ಕಿಬೀಳಲಿಲ್ವಾ?"

"ಇಲ್ಲ."

"ಸೀನು ಬಂದ್ರೆ ಏನ್ ಮಾಡ್ತಿದ್ದೆ?"

"ಮೂಗು ಹಿಡ್ಕೊಳ್ತಿದ್ದೆ."

"ಕಮಾಲ್ ಹೈ!" ಎಂದ ನಾಣಿ. ಸೌಟು ತಿರುಗಿಸುವ ಅಪ್ಪನಿಗಿಂತ ಆರು ವರ್ಷ ಸಿಕ್ಕಿಬೀಳದ ಕಳ್ಳ ಅಪ್ಪ ಎಷ್ಟೋ ಮೇಲೆಂದು ಅವನ ಮುಖವೇ ಹೇಳುತ್ತಿತ್ತು. ಮೋಹಿನಿಗೆ ನಗು ತಡೆಯಲಾಗಲಿಲ್ಲ. "ದೇವಸ್ಥಾನದ ಮೂಲೆ ತನಕ ಸಾಲು!" ಎಂದು ಹೇಳಿ ಹೇಳಿ ನಕ್ಕಳು.

ರಮಾಮಣಿ ಮಾತ್ರ ನಗಲಿಲ್ಲ. ಸೌಟು ಹಿಡಿದೇ ಯೋಚಿಸುತ್ತಿದ್ದಳು.

"ಕಾಣಲಿಲ್ಲ ಸರಿ. ಕೇಳಿಸ್ತಿತ್ತಲ್ಲ? ಅತ್ತೆ ಹುಯ್ಯೋ ಮುಂಚೆ ಸೌಟಿನ ಸದ್ದು ಹ್ಯಾಗಿರ್ತಿತ್ತು?"

ಶಾಮಣ್ಣ ತಲೆಯೆತ್ತಿದ. ಮೂವತ್ತೈದು ವರ್ಷದಿಂದ ಯಾರೂ ಅವನನ್ನು ಆ ಪ್ರಶ್ನೆ ಕೇಳಿರಲಿಲ್ಲ.

"ಮೊದಲು ಸರ್ ಸರ್ ಅಂತ, ರೇಷ್ಮೆ ಸೀರೆ ಓಡಾಡಿದ ಹಾಗೆ. ಆಮೇಲೆ… ಆಮೇಲೆ ಬದಲಾಗ್ತಿತ್ತು ಕಣೇ. ಹೇಳೋಕೆ ಬರಲ್ಲ. ಕೇಳಿದ್ರೆ ಗೊತ್ತಾಗುತ್ತೆ."

"ಹಾಗಾದ್ರೆ ಕೇಳಿ."

ಕೇಳುವುದೆಂದರೆ ಸುಲಭವಾಗಿರಲಿಲ್ಲ. ಸ್ಟವ್ ಭುಸುಗುಡುತ್ತಿತ್ತು. ಮೋಹಿನಿ ಓಡಿಹೋಗಿ ಕಾಂತಪ್ಪನ ಮನೆಯಿಂದ ಇದ್ದಿಲ ಸಿಗಡಿ ತಂದಳು. ಅದು ಬಾಯಿಬಿಡದ ಒಲೆ. ಆದರೆ ಬಿಲ್ಡಿಂಗಿನ ಬಾಯಿ ಮುಚ್ಚಿಸುವವರಾರು? ಮೇಲಿನ ಮನೆಯಲ್ಲಿ ಮರಾಠಿ ಹೆಂಗಸರು ತಿಳಗೂಳು ಉಂಡೆಗೆ ಎಳ್ಳು ಕುಟ್ಟುತ್ತಿದ್ದರು, ಕೆಳಗಿನ ಮನೆಯಲ್ಲಿ ರೇಡಿಯೋ, ಕಾಂತಪ್ಪನಲ್ಲಿ ರುಬ್ಬುವ ಕಲ್ಲು, ನಲ್ಲಿಯ ಹತ್ತಿರ ಎಂದಿನ ಯುದ್ಧ. ಬೊಂಬಾಯಿ ಶಹರದಲ್ಲಿ ಹಾಡುಹಗಲು ಅರ್ಧ ಗಂಟೆ ನಿಶ್ಶಬ್ದ ತರಿಸುವುದು ಭಗೀರಥನಿಗೂ ಆಗದ ಕೆಲಸ. ನಾಣಿ ಅದಕ್ಕೆ ಹೊರಟ.

ಅವನು ಪ್ರತಿ ಬಾಗಿಲು ತಟ್ಟಿ, ಬಾಗಿಲಿಗೆ ತಕ್ಕ ಭಾಷೆಯಲ್ಲಿ, ಇದ್ದ ವಿಷಯವನ್ನು ಇದ್ದ ಹಾಗೆ ಹೇಳಿದ: "ಅಪ್ಪ ಮಂಚದ ಕೆಳಗೆ ಮಲಗಿದ್ದಾರೆ. ದಯವಿಟ್ಟು ಶಬ್ದ ಮಾಡಬೇಡಿ."

ಪರಿಣಾಮ ಅದ್ಭುತವಾಗಿತ್ತು. ಒನಕೆ ಅರ್ಧಕ್ಕೆ ನಿಂತಿತು. ರೇಡಿಯೋ ಆರಿತು. ರುಬ್ಬುವ ಕಲ್ಲು ಬೆಕ್ಕಸ ಬೆರಗಾದಂತೆ ಸ್ತಬ್ಧವಾಯಿತು. ನಲ್ಲಿಯ ಬಳಿಯ ಹೆಂಗಸರು ಕೊಡಗಳನ್ನು ಸದ್ದಿಲ್ಲದೆ ಕೆಳಗಿಟ್ಟು ಎರಡನೆಯ ಮಹಡಿಯತ್ತ ನೋಡಿದರು. ಆ ಬಿಲ್ಡಿಂಗು ಕಟ್ಟಿದಂದಿನಿಂದ ಅಂಥ ಮೌನ ಕಂಡಿರಲಿಲ್ಲ.

ಒಳಗೆ, ಮಂಚದ ಕೆಳಗಿದ್ದ ಎರಡು ಟ್ರಂಕು ಮತ್ತು ಮಳೆಗಾಲದ ಛತ್ರಿಗಳನ್ನು ಹೊರಗೆಳೆದಿದ್ದರು. ಕುಳಿತೇ ಕೇಳಬಹುದಲ್ಲ ಎಂದಳು ರಮಾಮಣಿ. ಆ ಕಿವಿ ನೆಲದ ಮೇಲೆ ಕಲಿತ ಕಿವಿ, ಅಲ್ಲಿಂದಲೇ ಕೇಳಬೇಕು ಎಂದ ಶಾಮಣ್ಣ. ಮೊದಲು ತಲೆ ಹೋಯಿತು, ಆಮೇಲೆ ಭುಜ. ಹೊಟ್ಟೆಯ ಹತ್ತಿರ ಸ್ವಲ್ಪ ಚರ್ಚೆ ನಡೆಯಿತು. ಮೋಹಿನಿ ತಳ್ಳಿದಳು. ಒಳಗೆ ಸೇರಿದ.

ರಮಾಮಣಿ ಈ ಸಲ ಯಾರನ್ನೂ ಕೇಳದೆ, ಸ್ವಲ್ಪವೇ ಪಾಕವನ್ನು ಹಿತ್ತಾಳೆಯ ಪುಟ್ಟ ಬಾಣಲೆಗೆ ಹಾಕಿ ಸಿಗಡಿಯ ಮೇಲೆ ಕಾಯಿಸಿ, ಇಳಿಸಿ, ಮಂಚದ ಪಕ್ಕದಲ್ಲಿ ಮಣೆ ಹಾಕಿಕೊಂಡು ಕುಳಿತಳು. ತಿರುವತೊಡಗಿದಳು.

ಶಾಮಣ್ಣನ ಕಣ್ಣಿನ ಮುಂದೆ ಎರಡು ಪಾದಗಳಿದ್ದವು. ಕಾಲುಂಗುರ. ಸೀರೆಯ ಅಂಚು. ಬೆಳಿಗ್ಗೆಯಿಂದ ನಿಂತು ನಿಂತು ಹಿಮ್ಮಡಿ ಕೆಂಪಗಾಗಿತ್ತು. ಹದಿಮೂರು ವರ್ಷ ಜೊತೆಗಿದ್ದರೂ ಆ ಪಾದಗಳನ್ನು ತಾನು ಸರಿಯಾಗಿ ನೋಡಿರಲಿಲ್ಲವೆಂದು ಅವನಿಗೆ ಅನಿಸಿತು. ಅಮ್ಮನವೂ ಹೀಗೇ ಕೆಂಪಗಾಗಿರುತ್ತಿದ್ದವು. ಅಂಗೈಯಿಂದ ಕಣ್ಣೊರೆಸಿಕೊಂಡ. ಮಂಚದ ಕೆಳಗಿನ ದೂಳೆಂದು ಅಂದುಕೊಂಡ.

ಸರ್, ಸರ್, ಸರ್.

"ಈಗಲ್ಲ," ಎಂದಿತು ಮಂಚ.

ಸರ್, ಸರ್.

"ಈಗಲ್ಲ."

"ಅಪ್ಪಾ, ಲೋಕಲ್ ಬರ್ತಿದೆ!" ಎಂದು ಬಾಲ್ಕನಿಯಲ್ಲಿದ್ದ ನಾಣಿ ಪಿಸುಗುಟ್ಟಿದ. ಸಯನ್ ಸ್ಟೇಷನ್ನಿಗೆ ಹೇಳಿ ರೈಲು ನಿಲ್ಲಿಸುವ ಅಧಿಕಾರ ಅವನಿಗಿರಲಿಲ್ಲ. ಧಡಧಡ ಸದ್ದು ಮನೆಯನ್ನು ತುಂಬಿತು. ಶಾಮಣ್ಣ ಕಿವಿಯನ್ನು ನೆಲಕ್ಕೆ ಒತ್ತಿ ಕಣ್ಣು ಮುಚ್ಚಿದ. ರೈಲು ದೂರವಾಯಿತು, ಇನ್ನೂ ದೂರವಾಯಿತು. ಅದರ ಬಾಲದ ಸದ್ದಿನ ಹಿಂದೆ, ತೀರ ಸಣ್ಣಗೆ, ಬಾಣಲೆಯ ಅಂಚಿನಿಂದ ಇನ್ನೊಂದು ಸದ್ದು ಬಂತು. ಒದ್ದೆ ಮರಳಿನ ಮೇಲೆ ಯಾರೋ ಒಂದು ಹೆಜ್ಜೆ ಇಟ್ಟ ಹಾಗೆ. ಕರ್.

"ಈಗ!" ಎಂದು ಶಾಮಣ್ಣ ಕೂಗಿ ಎದ್ದು ಕೂರಹೋದ. ಮಂಚದ ಕಬ್ಬಿಣದ ಪಟ್ಟಿಗೆ ಅವನ ತಲೆ ಬಡಿದು ಘಂಟಾನಾದವಾಯಿತು. ಆ ನಾದದ ನಡುವೆಯೇ ರಮಾಮಣಿ ಹುಯ್ದಳು.

ಹತ್ತು ನಿಮಿಷ ಕಾದರು. ಮೋಹಿನಿ ದಾರ ಬಿಚ್ಚಿದಳು. ಮೇಲಿನ ಹಲಗೆಯನ್ನು ಎತ್ತಿದಳು. ಗಿಣಿ ಕುಳಿತಿತ್ತು. ಕೊಕ್ಕಿತ್ತು. ರೆಕ್ಕೆಯ ಗೆರೆಗೆರೆಯೂ ಇತ್ತು. ಮೂರು ಸಲ ಕುದಿದ ತಪಸ್ಸಿನಿಂದ ಬಣ್ಣ ಸ್ವಲ್ಪ ಕೆನೆಗಾಫಿಯದಾಗಿತ್ತು, ಅಷ್ಟೆ.

"ಬಂತು! ಅಪ್ಪಾ, ಬಂತು!"

ಈ ಕೂಗು ಮೆಟ್ಟಿಲವರೆಗೂ ಕೇಳಿಸಿತು. ಅಲ್ಲಿ ಅರ್ಧ ಬಿಲ್ಡಿಂಗು ಸೇರಿತ್ತು. ಮೊದಲು ಒಳನುಗ್ಗಿದವನು ಕಾಂತಪ್ಪ. ಅವನ ಕೈಯಲ್ಲಿ ಸೋಡಾ ಬಾಟಲಿಯಿತ್ತು. ಹಿಂದೆಯೇ ಮೇಲಿನ ಮನೆಯ ಮರಾಠಿ ಬಾಯಿ, ಮೂಸಲು ಕೊಡಲೆಂದು ಹೆಚ್ಚಿದ ಈರುಳ್ಳಿ ಹಿಡಿದಿದ್ದಳು. ಮಂಚದ ಕೆಳಗಿನಿಂದ 'ರೋಗಿ' ಹಿಮ್ಮುಖವಾಗಿ ತೆವಳಿಕೊಂಡು ಹೊರಬರುತ್ತಿರುವುದನ್ನು ಇಬ್ಬರೂ ಕಂಡರು. ತಲೆಯ ತುಂಬ ಜೇಡರ ಬಲೆ, ಮುಖದ ತುಂಬ ನಗು.

"ಎಂತ ಮಾರಾಯ್ರೆ! ಡಾಕ್ಟ್ರನ್ನು ಕರೀಲಿಕ್ಕೆ ಚಪ್ಪಲಿ ಹಾಕಿದ್ದೆ ನಾನು!"

"ಡಾಕ್ಟರು ಬೇಡಿ ಕಾಂತಪ್ಪನವರೇ. ಇನ್ನೊಂದು ಅರ್ಧ ಗಂಟೆ ನಿಶ್ಶಬ್ದ ಬೇಕು. ಇನ್ನೂ ಆರು ಬಾಣಲೆ ಬಾಕಿಯಿದೆ."

ಕಾಂತಪ್ಪ ಗಿಣಿಯನ್ನು ನೋಡಿದ, ಮಂಚವನ್ನು ನೋಡಿದ, ಹೆಡ್ ಕ್ಲಾರ್ಕನ್ನು ನೋಡಿದ. ಸೋಡಾವನ್ನು ತಾನೇ ಕುಡಿದ. ಆಮೇಲೆ ಬಾಗಿಲಲ್ಲಿ ನಿಂತು, ಮಾತಾಡಿದವರನ್ನೆಲ್ಲ "ಶ್!" ಎಂದು ಗದರಿಸುವ ಕೆಲಸವನ್ನು ತಾನಾಗಿಯೇ ವಹಿಸಿಕೊಂಡ. ಶಾಮಣ್ಣ ಮತ್ತೆ ಆರು ಸಲ ಒಳಹೋಗಿ ಆರು ಸಲ ಹೊರಬಂದ. ಮಧ್ಯಾಹ್ನದ ಊಟದ ಹೊತ್ತಿಗೆ ಹರಿವಾಣದ ತುಂಬ ಗಿಣಿ, ಆನೆ, ಕಮಲ, ಗೋಪುರ. ಒಂದೂ ಮುರಿದಿರಲಿಲ್ಲ.

ಮರುದಿನ ಮೋಹಿನಿ ರೇಷ್ಮೆ ಲಂಗ ಉಟ್ಟು ಎಳ್ಳು ಬೀರಲು ಹೊರಟಳು. ಮೇಲಿನ ಮನೆಯಿಂದ ತಿಳಗೂಳು ಬಂತು, ಇಲ್ಲಿಂದ ಆನೆ ಹೋಯಿತು. ಶಾಲೆಯ ಗೆಳತಿಯರು ಒಂದೊಂದು ಗಿಣಿ ಹಿಡಿದು ತಿನ್ನಲೂ ಮನಸ್ಸಾಗದೆ, ಬಿಡಲೂ ಮನಸ್ಸಾಗದೆ ಬಾಲವನ್ನು ನೆಕ್ಕುತ್ತ ನಿಂತರು. "ಖುದ್ ಪಪ್ಪಾನೇ ಬನಾಯಾ?" ಎಂದು ಒಬ್ಬಳು ಕೇಳಿದಳು. ಮೋಹಿನಿ ಸ್ವಲ್ಪ ಯೋಚಿಸಿ, "ಮಮ್ಮೀನೇ ಬನಾಯಾ, ಪಪ್ಪಾನೇ ಸುನಾ," ಎಂದಳು. ಅಮ್ಮ ಮಾಡಿದಳು, ಅಪ್ಪ ಕೇಳಿಸಿಕೊಂಡ ಎಂದರೆ ಏನರ್ಥವೆಂದು ಯಾರಿಗೂ ತಿಳಿಯಲಿಲ್ಲ.

ಮೊದಲ ಗಿಣಿಯನ್ನು ಹತ್ತಿಯಲ್ಲಿ ಸುತ್ತಿ, ಡಬ್ಬದಲ್ಲಿ ಕಡಲೆಪುರಿ ತುಂಬಿ ನಡುವೆ ಹುದುಗಿಸಿ, ಮೈಸೂರಿಗೆ ಹೊರಟವರೊಬ್ಬರ ಕೈಯಲ್ಲಿ ಕಳಿಸಿದರು. ಜೊತೆಗೆ ಮೋಹಿನಿಯ ಕಾಗದ. ಶಾಮಣ್ಣ ಪಕ್ಕದಲ್ಲೇ ಕುಳಿತು ಬರೆಸಿದ್ದ. ಮಂಚದ ವಿಷಯ ರಾಜ್ಯದ ರಹಸ್ಯವೆಂದು ಮೊದಲೇ ಆಣೆ ಹಾಕಿಸಿದ್ದ. 'ಎಲ್ಲಾ ಚೆನ್ನಾಗಿ ಬಂತು ಅಜ್ಜಿ, ಒಂದೂ ಮುರಿಯಲಿಲ್ಲ' ಎಂದಷ್ಟೇ ಬರೆದಿತ್ತು.

ಮೂರು ವಾರಕ್ಕೆ ಉತ್ತರ ಬಂತು. ಎಂದಿನಂತೆ ನಾಣಿ ಮೊದಲು ಕಿತ್ತುಕೊಂಡು ಗಟ್ಟಿಯಾಗಿ ಓದಿದ.

"ಚಿರಂಜೀವಿ ಶಾಮನಿಗೆ ಆಶೀರ್ವಾದಗಳು. ಗಿಣಿ ಕೊಕ್ಕಿನ ಸಮೇತ ಬಂದು ಸೇರಿತು. ಬಣ್ಣ ಸ್ವಲ್ಪ ಜಾಸ್ತಿಯಾಗಿದೆ, ಹದ ಸರಿಯಾಗಿದೆ. ಸಂತೋಷ. ಒಂದೂ ಮುರಿಯಲಿಲ್ಲವೆಂದು ಮಗು ಬರೆದಿದೆ. ಹಾಗಾದರೆ ಮಂಚದ ಕೆಳಗಿದ್ದವನಿಗೆ ಏನು ಕೊಟ್ಟಿರಿ?"

ನಾಣಿ ಕಾಗದದಿಂದ ತಲೆಯೆತ್ತಿದ. "ಅಪ್ಪಾ, ಅಜ್ಜಿಗೆ ಗೊತ್ತಿತ್ತು!"

ಶಾಮಣ್ಣ ಕಾಗದ ತೆಗೆದುಕೊಂಡು ತಾನೇ ಇನ್ನೊಮ್ಮೆ ಓದಿದ. ಆರು ವರ್ಷಗಳ ಮುರಿದ ಗಿಣಿಗಳು ಒಂದೊಂದಾಗಿ ಅವನ ಮುಂದೆ ಬಂದು ಕುಳಿತವು. ತಟ್ಟೆ ಯಾವಾಗಲೂ ಮಂಚದ ಕಡೆಗೇ ಸರಿಯುತ್ತಿತ್ತು, ಅವನ ಕೈಗೆ ಎಟಕುವಷ್ಟೇ ದೂರಕ್ಕೆ. ಅಷ್ಟು ನುರಿತ ಕೈಯಲ್ಲಿ ವರ್ಷ ವರ್ಷವೂ, ತಪ್ಪದೆ, ಒಂದೆರಡು ಮುರಿಯುತ್ತಿದ್ದವು.

ಕಾಗದ ಮಡಿಸಿ, ಅಡುಗೆಮನೆಯ ಬಾಗಿಲ ಕಡೆ ನೋಡುತ್ತ ಹೇಳಿದ:

"ರಮಾ, ಅವತ್ತು ಒಂದಾದ್ರೂ ಮುರೀಬೇಕಿತ್ತು ಕಣೇ."

ರಮಾಮಣಿ ಸಕ್ಕರೆ ಹಾಕಿದ ಕಾಫಿಯ ಲೋಟವನ್ನು ಅವನ ಮುಂದಿಟ್ಟಳು.

"ಮುಂದಿನ ವರ್ಷ ಮುರಿಯೋಣ. ಆದ್ರೆ ಮಂಚದ ಕೆಳಗೆ ನಾಣಿ ಇರ್ತಾನೆ. ನೀವು ಸೌಟು ಹಿಡೀಬೇಕು."